ಆ ಜಾಗಕ್ಕೂ ಒಂದು ಹೆಸರೈತೆ

1/10

ಮೊದಲೇ ಹೇಳ್ಬಿಡ್ತೀನಿ, ಇದು 18 ತುಂಬಿದವರಿಗೆ ಬರೆದ ಸರಣಿ. ಇನ್ನೂ 18 ಆಗದ ತಮ್ಮ ತಂಗಿಯರು ಯಾರಾದ್ರೂ ಫಾಲೋ ಮಾಡ್ತಿದ್ರೆ ನಿಮಗೆ ಒಂದೇ ಮಾತು. ನಿಮ್ಮ ಮೈಯನ್ನ ಯಾರಾದ್ರೂ, ಮನೆಯವರೇ ಆಗ್ಲಿ, ಮುಟ್ಟಬಾರದ ಥರ ಮುಟ್ಟಿದ್ರೆ ತಪ್ಪು ನಿಮ್ಮದಲ್ಲ. 1098ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಇಲ್ಲಿಂದ ಮುಂದಕ್ಕೆ ಓದಬೇಡಿ, ಇದು ಎಲ್ಲೂ ಓಡಿ ಹೋಗಲ್ಲ.

ಉಳಿದವರು ಕೂತ್ಕೊಳ್ಳಿ. ಅದರಲ್ಲೂ ನನ್ನ ನರ್ಸಿಂಗ್ ಕ್ಲಾಸ್‌ಮೇಟ್ಸ್.

ಫೋಟೋದಲ್ಲಿರೋದು ನಮ್ಮ ಮೋಕದ ಹಗರಿ ಹೊಳೆ. ವಿಷಯಕ್ಕೂ ಫೋಟೋಗೂ ಸಂಬಂಧ ಇಲ್ಲ. ಈ ವಿಷಯಕ್ಕೆ ಯಾವ ಫೋಟೋ ಹಾಕ್ಬೇಕು ಅಂತ ನನಗೆ ಹೊಳೀಲಿಲ್ಲ, ಅದಕ್ಕೆ ಹೊಳೇನೇ ಹಾಕಿದೆ.

ವಿಷಯ ಏನಂದ್ರೆ: ಗುದ.

ಹೌದು, ಅದೇ. ನಗು ಬಂತಾ? ಆ ನಗುವಿನ ಬಗ್ಗೆಯೇ ಮಾತಾಡೋದೈತೆ.

2/10

ಪೋಸ್ಟಿಂಗ್‌ನಲ್ಲಿ ಒಬ್ಬ ಹುಡುಗ ಬಂದಿದ್ದ. ಯಾವ ಆಸ್ಪತ್ರೆ, ಯಾವ ತಿಂಗಳು ಅಂತ ಹೇಳಲ್ಲ, ಕೇಳಲೂಬೇಡಿ. ನಮ್ಮ ವಯಸ್ಸಿನವನೇ. ಎರಡು ದಿನದಿಂದ ರಕ್ತ ಹೋಗ್ತಿತ್ತು. ಏನಾಯ್ತು ಅಂದ್ರೆ "ಬಿದ್ದೆ" ಅಂದ. ಎಲ್ಲಿ ಬಿದ್ದೆ, ಹೆಂಗೆ ಬಿದ್ದೆ ಅಂದ್ರೆ ನೆಲ ನೋಡಿದ. ಕೊನೆಗೆ ಡಾಕ್ಟರ್ ಪರದೆ ಎಳೆದು, ಎಲ್ಲರನ್ನೂ ಹೊರಗೆ ಕಳಿಸಿ, ಮೆಲ್ಲಗೆ ಕೇಳಿದ ಮೇಲೆ ನಿಜ ಹೇಳಿದ. ತನ್ನ ಇಷ್ಟದಿಂದಲೇ ಮಾಡಿದ್ದು, ಆದ್ರೆ ಹೆಂಗೆ ಮಾಡ್ಬೇಕು ಅಂತ ಗೊತ್ತಿರಲಿಲ್ಲ. ಸೀಳಿತ್ತು.

ಅವನಿಗೆ ಹೊಲಿಗೆ ಬಿತ್ತು, ಔಷಧಿ ಆಯ್ತು, ಮನೆಗೆ ಹೋದ. ಆಮೇಲೆ ನಡೆದದ್ದು ನಿಮಗೂ ಗೊತ್ತು. ಕಾರಿಡಾರ್‌ನಲ್ಲಿ ನಗು. ಗ್ರೂಪ್‌ನಲ್ಲಿ ಸ್ಟಿಕ್ಕರ್. "ಹಿಂದಿನ ಬಾಗ್ಲು" ಜೋಕು. ನಾನೂ ನಕ್ಕೆ. ಯಾರನ್ನೋ ಬೈಯೋಕೆ ಬರೀತಿದೀನಿ ಅಂದ್ಕೋಬೇಡಿ, ಆ ಲಿಸ್ಟಲ್ಲಿ ನನ್ನ ಹೆಸರೂ ಐತೆ.

ರಾತ್ರಿ ಮಲಗಿದಾಗ ಒಂದು ಲೆಕ್ಕ ತಲೆಗೆ ಬಂತು. ಗಾಯ ಆಗಿದ್ದು ಕೆಲವು ನಿಮಿಷದಲ್ಲಿ. ಅದು ಕೀವು ಹಿಡಿಯೋ ಹಂತಕ್ಕೆ ಬಂದದ್ದು ಎರಡು ದಿನದಲ್ಲಿ. ಆ ಎರಡು ದಿನ ಅವನು ಮನೆಯಲ್ಲೇ ಯಾಕೆ ಕೂತಿದ್ದ? ನಮ್ಮಂಥವರು ನಗ್ತಾರೆ ಅಂತ. ಸರಿಯಾಗೇ ಅಂದ್ಕೊಂಡಿದ್ದ.

3/10

ಈಗ ನನ್ನ ಕಥೆ.

ನರ್ಸಿಂಗ್ ಮೊದಲ ವರ್ಷ, ಹಾಸ್ಟೆಲ್. ಟಾಯ್ಲೆಟ್ ಕಡಿಮೆ, ನೀರು ಇನ್ನೂ ಕಡಿಮೆ. ಸಣ್ಣವಳಿದ್ದಾಗಿಂದ ತಡೆಯೋದು ನನಗೆ ಅಭ್ಯಾಸ. ಊರಲ್ಲಿ ನಮ್ಮಜ್ಜಿ ಕಾಲದ ಹೆಂಗಸರು ಕತ್ತಲಾಗೋವರೆಗೂ ತಡೆದು ಆಮೇಲೆ ಬಯಲಿಗೆ ಹೋಗ್ತಿದ್ರಲ್ಲ, ಅದೇ ಕಲಿಕೆ ನಮಗೂ ಬಂದೈತೆ. ನೀರು ಕುಡಿಯೋದು ಕಡಿಮೆ ಮಾಡಿದೆ. ಸಂಜೆ ಆದ್ರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಬಳ್ಳಾರಿ ಬಿಸಿಲು ಬೇರೆ. ಆರು ವಾರದಲ್ಲಿ ಫಿಶರ್, ಅಂದ್ರೆ ಗುದದ ಅಂಚಲ್ಲಿ ಸೀಳು. ಗಾಜಿನ ಚೂರು ಹೋದಂಗೆ ನೋವು.

ಯಾರಿಗೆ ಹೇಳಲಿ? ಅಮ್ಮನಿಗೆ "ಹೊಟ್ಟೆ ಸರಿಯಿಲ್ಲ" ಅಂದೆ. ರೂಮ್‌ಮೇಟ್‌ಗೆ "ಪೀರಿಯಡ್ಸ್" ಅಂದೆ. ಕೊನೆಗೆ ಗೋಡೆ ಮೇಲೆ ಕೆಂಪಕ್ಷರದಲ್ಲಿ ಬರೆದಿರ್ತಾರಲ್ಲ, "ಮೂಲವ್ಯಾಧಿಗೆ ಗ್ಯಾರಂಟಿ, ಆಪರೇಷನ್ ಇಲ್ಲ" ಅಂತ, ಅಂಥ ಒಂದು ಕಡೆ ಹೋದೆ. ಅಲ್ಲಿ ಏನೂ ಹೇಳಬೇಕಿಲ್ಲ, ಅದೇ ಅವರ ಬಂಡವಾಳ. ಸರಿಯಾಗಿ ನೋಡದೇನೇ ಇಂಜೆಕ್ಷನ್ ಕೊಟ್ರು. ಹತ್ತು ದಿನ ಕೂರೋಕೆ ಆಗಲಿಲ್ಲ.

ಆಮೇಲೆ ಸರ್ಕಾರಿ ಆಸ್ಪತ್ರೆಯ ಸರ್ಜನ್ ಮೇಡಂ ಕೇಳಿದ್ರು, "ಎಲ್ಲಿ ನೋವು?"

ನಾನು ಅಂದೆ: "ಅದು... ಕೆಳಗೆ... ಆ ಕಡೆ."

ಆ ವಾರವೇ ಅನಾಟಮಿ ಟೆಸ್ಟ್‌ನಲ್ಲಿ ಅದೇ ಜಾಗದ ಚಿತ್ರ ಬಿಡಿಸಿ, ಇಂಗ್ಲಿಷ್‌ನಲ್ಲಿ ಭಾಗಗಳನ್ನೆಲ್ಲಾ ಗುರುತಿಸಿ ಐದಕ್ಕೆ ನಾಲ್ಕೂವರೆ ತಗೊಂಡಿದ್ದೆ. ಪೇಪರ್ ಮೇಲೆ ಬಂತು, ಬಾಯಿಗೆ ಬರಲಿಲ್ಲ.

ಮೇಡಂ ಕೊಟ್ಟದ್ದು ಏನು? ನಾರಿನಂಶದ ಊಟ, ನೀರು, ದಿನಾ ಬಿಸಿನೀರಿನ ಟಬ್‌ನಲ್ಲಿ ಕೂರೋದು, ಒಂದು ಕ್ರೀಮ್. ಕೆಲವೇ ವಾರದಲ್ಲಿ ವಾಸಿಯಾಯ್ತು. ಎಷ್ಟೋ ಫಿಶರ್ ಹಿಂಗೇ ವಾಸಿಯಾಗೋದು. ನಾನು ಇಂಜೆಕ್ಷನ್‌ಗೆ ಕೊಟ್ಟ ದುಡ್ಡು ನನ್ನ ನಾಚಿಕೆಯ ಬಿಲ್ಲು.

4/10

ಯೋಚ್ನೆ ಮಾಡಿ ನೋಡಿ. ಈ ಅಂಗಕ್ಕೆ ನಮ್ಮ ಬಾಯಲ್ಲಿ ಎಷ್ಟು ಪದ ಅವೆ? ಬೈಗುಳ ಬೇಕಾದಷ್ಟು. ಬಸ್‌ಸ್ಟ್ಯಾಂಡ್‌ನಲ್ಲಿ, ಕ್ರಿಕೆಟ್ ಆಡುವಾಗ, ಪ್ರೀತಿಯಿಂದ ಫ್ರೆಂಡ್‌ನ ಕರೆಯುವಾಗ ಸಹ. ಆದ್ರೆ ಡಾಕ್ಟರ್ ಮುಂದೆ, ಗಂಡನ ಮುಂದೆ, ಹೆಂಡತಿ ಮುಂದೆ, ಪ್ರೀತಿಸಿದವರ ಮುಂದೆ ಹೇಳೋಕೆ ಒಂದು ಪದ? "ಆ ಕಡೆ."

ಬೈಯೋಕೆ ಮಾತ್ರ ಹೆಸರಿರೋ ಅಂಗವನ್ನ ಯಾರು ನೋಡ್ಕೋತಾರೆ?

ಇನ್ನೊಂದು. ಮಂಜಮ್ಮ ಜೋಗತಿ ನಮ್ಮ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದವರು, ಕುರುಗೋಡು ಕಡೆಯ ಊರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ, ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ವಿಡಿಯೋ ನಾವೆಲ್ಲಾ ಸ್ಟೇಟಸ್ ಹಾಕಿದ್ವಿ, "ನಮ್ಮ ಬಳ್ಳಾರಿ ಹೆಮ್ಮೆ" ಅಂತ. ಅದೇ ಫೋನ್‌ನಲ್ಲಿ, ಅದೇ ದಿನ, ಸ್ವಲ್ಪ ಮೆತ್ತಗೆ ಮಾತಾಡೋ ಹುಡುಗನಿಗೆ ಯಾವ ಪದ ಟೈಪ್ ಮಾಡಿದ್ವಿ? ಮೇಲೆ ಹೇಳಿದ ಬೈಗುಳಗಳಲ್ಲೇ ಒಂದು. ಸ್ಟೇಟಸ್ 24 ಗಂಟೆಗೆ ಹೋಯ್ತು. ಆ ಪದ ಅವನ ಹತ್ರ ಇನ್ನೂ ಐತೆ.

5/10

ಈಗ ಪಾಠ. ನಾವೇ ಓದಿದ್ದು, ಬರೀ ಕನ್ನಡದಲ್ಲಿ.

ಗುದನಾಳ ಸುಮಾರು 4 ಸೆಂಟಿಮೀಟರ್ ಉದ್ದ. ಅದಕ್ಕೆ ಎರಡು ಸ್ನಾಯುವಿನ ಬಳೆ. ಹೊರಗಿನದು ನಮ್ಮ ಮಾತು ಕೇಳುತ್ತೆ, ಬಿಗಿ ಅಂದ್ರೆ ಬಿಗಿಯಾಗುತ್ತೆ. ಒಳಗಿನದು ಕೇಳಲ್ಲ. ಅದಕ್ಕೆ ಆರ್ಡರ್ ಮಾಡೋಕೆ ಆಗಲ್ಲ. ಹೆದರಿದ್ರೆ, ಅವಸರ ಮಾಡಿದ್ರೆ, ಮನಸ್ಸಿಲ್ಲದಿದ್ರೆ ಅದು ಸಡಿಲ ಆಗಲ್ಲ. ಅಂದ್ರೆ ನಿಮ್ಮ ಬಾಯಿ ಮುಲಾಜಿಗೆ "ಹೂಂ" ಅಂದ್ರೂ ಮೈ "ಊಹೂಂ" ಅಂತ ಹೇಳೋ ಜಾಗ ಅದು.

ಸುತ್ತ ನರಗಳು ದಟ್ಟವಾಗಿವೆ. ಜನನಾಂಗಕ್ಕೆ ಹೋಗೋ ನರದ ಕೊಂಬೆಯೇ ಇಲ್ಲಿಗೂ ಬರುತ್ತೆ. ಗಂಡಸರಲ್ಲಿ ಗುದನಾಳದ ಮೇಲೆ ಇರೋ ಮಲಾಶಯದ ಮುಂದುಗಡೆಗೇ ಪ್ರಾಸ್ಟೇಟ್ ಗ್ರಂಥಿ ಐತೆ. ಹಂಗಾಗಿ ಕೆಲವರಿಗೆ ಅಲ್ಲಿ ಸುಖ ಸಿಗುತ್ತೆ. ಗಂಡಿಗೆ, ಹೆಣ್ಣಿಗೆ, ಮದುವೆಯಾದವರಿಗೆ, ಆಗದವರಿಗೆ. ಇದರಿಂದ ಯಾರು ಯಾರನ್ನ ಪ್ರೀತಿಸ್ತಾರೆ ಅಂತ ಗೊತ್ತಾಗಲ್ಲ. ಇನ್ನು ಕೆಲವರಿಗೆ ಏನೂ ಅನಿಸಲ್ಲ, ಅಸಹ್ಯವೂ ಆಗಬಹುದು. ಅದೂ ಸರಿಯೇ.

ಬೇಕು ಅನ್ನೋದು ರೋಗ ಅಲ್ಲ. ಬೇಡ ಅನ್ನೋದು ಹಳ್ಳಿ ಗುಗ್ಗುತನ ಅಲ್ಲ. ಎರಡನ್ನೂ ಹೇಳೋಕೆ ಪದ ಬೇಕು, ಅಷ್ಟೇ ನನ್ನ ಜಗಳ.

6/10

"ಇದೆಲ್ಲಾ ಕಾನೂನಿಗೆ ವಿರುದ್ಧ ಅಲ್ವೇನೇ?" ಅಂತ ಡಿಎಂ ಬರುತ್ತೆ, ಗೊತ್ತು.

ಇತ್ತು. ಬ್ರಿಟಿಷರು 1860ರಲ್ಲಿ ಮಾಡಿದ ಐಪಿಸಿಯ ಸೆಕ್ಷನ್ 377 "ನಿಸರ್ಗಕ್ಕೆ ವಿರುದ್ಧ" ಅಂತ ಇದಕ್ಕೆ ಜೀವಾವಧಿವರೆಗೂ ಶಿಕ್ಷೆ ಇಟ್ಟಿತ್ತು. ಅದರಲ್ಲಿ ಸಲಿಂಗಿ ಅನ್ನೋ ಪದವೇ ಇರಲಿಲ್ಲ, ಗಂಡ ಹೆಂಡಿರೂ ಅದರೊಳಗೆ ಬರ್ತಿದ್ರು. ಆದ್ರೆ ಏಟು ತಿಂದವರು ಬಡ ಸಲಿಂಗಿಗಳು, ಕೋತಿಗಳು, ಹಿಜ್ರಾಗಳು. ಬೆಂಗಳೂರಲ್ಲಿ ಪೊಲೀಸರು ಅವರನ್ನ ಬೆದರಿಸಿ ದುಡ್ಡು ಕಿತ್ತದ್ದನ್ನ, ಹೊಡೆದದ್ದನ್ನ ಪಿಯುಸಿಎಲ್ ಕರ್ನಾಟಕ 2001ರಲ್ಲೂ 2003ರಲ್ಲೂ ವರದಿ ಮಾಡಿದೆ.

2009ರಲ್ಲಿ ದೆಹಲಿ ಹೈಕೋರ್ಟ್ ತಪ್ಪಲ್ಲ ಅಂತು. 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಪ್ಪು ಅಂತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರು: ವಯಸ್ಕರು, ಒಪ್ಪಿಗೆಯಿಂದ, ಖಾಸಗಿಯಾಗಿ ಮಾಡೋದು ಅಪರಾಧ ಅಲ್ಲ. ಕೋರ್ಟಿಗೆ ಹೋದವರಲ್ಲಿ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿನೂ ಇದ್ರು. ನಮ್ಮ ಕನ್ನಡದವರೇ ಹೋರಾಡಿ ತಂದದ್ದನ್ನ "ವಿದೇಶಿ ಚಟ" ಅನ್ನೋರು, ಹೊರಗಿಂದ ಬಂದದ್ದು ಕಾನೂನು ಅನ್ನೋದನ್ನ ನೆನಪಿಟ್ಕೊಳ್ಳಿ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ 377 ಇಲ್ಲವೇ ಇಲ್ಲ. ಇಲ್ಲಿ ನನ್ನ ಸಿಟ್ಟೂ ಐತೆ. ಒಪ್ಪಿಗೆ ಇಲ್ಲದ್ದಕ್ಕೆ ಉಳಿದಿದ್ದ ಭಾಗವನ್ನೂ ಜೊತೆಗೇ ಕಿತ್ತು ಹಾಕಿದ್ರು. ವಯಸ್ಕ ಗಂಡಸಿನ ಮೇಲೆ ಅತ್ಯಾಚಾರ ಆದ್ರೆ ಅದನ್ನ ಅತ್ಯಾಚಾರ ಅಂತ ಕರೆಯೋ ಸೆಕ್ಷನ್ ಇವತ್ತು ಇಲ್ಲ, ಹಲ್ಲೆ ಗಾಯದ ಸೆಕ್ಷನ್‌ಗಳನ್ನೇ ಹುಡುಕಬೇಕು.

ಕಾನೂನಿಗೂ ಈ ಜಾಗದ ಬಗ್ಗೆ ಸರಿಯಾಗಿ ಮಾತಾಡೋಕೆ ಬರಲ್ಲ ನೋಡಿ.

7/10

ನಮ್ಮ ದೂರದ ಸಂಬಂಧಿ ಅಕ್ಕ ಒಬ್ಬಳು. ಹೊಸದಾಗಿ ಮದುವೆ. ರಾತ್ರಿ ಫೋನ್ ಮಾಡಿ ಬಹಳ ಹೊತ್ತು ಏನೇನೋ ಮಾತಾಡಿದಳು. ಮೆಣಸಿನಕಾಯಿ ರೇಟು, ಅತ್ತೆ ಮಂಡಿನೋವು. ಕೊನೆಗೆ, "ಅವರು ಮೊಬೈಲಲ್ಲಿ ನೋಡ್ತಾರೆ ಕಣೇ. ಹಂಗೇ ಮಾಡ್ಬೇಕಂತೆ. ಆ ಕಡೆ. ನನಗೆ ಆಗಲ್ಲ."

"ಬೇಡ ಅಂತ ಹೇಳಿದ್ಯಾ?"

"ಏನಂತ ಹೇಳ್ಲಿ? ಬಾಯಿಗೆ ಬರಲ್ಲ."

ನನ್ನದೂ ಅವಳದೂ ಒಂದೇ ಕಥೆ. ಪದ ಇಲ್ಲದ್ದಕ್ಕೆ ನಾನು ಹತ್ತು ದಿನ ನರಳಿದೆ. ಅವಳು ಎಷ್ಟು ರಾತ್ರಿ ನರಳಿದಳೋ.

ಹುಡುಗರೇ, ಕೇಳಿ. ನೀವು ಫೋನಲ್ಲಿ ನೋಡೋದು ಎಡಿಟ್ ಮಾಡಿದ ಸಿನಿಮಾ. ಅದರಲ್ಲಿ ತಯಾರಿ ಕಾಣಲ್ಲ, ಲೂಬ್ರಿಕೆಂಟ್ ಕಾಣಲ್ಲ, "ನಿಲ್ಲಿಸು" ಅಂದದ್ದು ಕಾಣಲ್ಲ. ಫೈಟ್ ಸೀನ್ ನೋಡಿ ಸುಮೋ ಮೇಲಿಂದ ಹಾರ್ತೀರಾ? ಹಂಗಾದ್ರೆ ಇದನ್ಯಾಕೆ ನಂಬ್ತೀರಾ?

ಹುಡುಗಿಯರೇ, ನಿಮಗೂ. ಹೆಣ್ಣಿನ ಮೇಲೆ ಒಪ್ಪಿಗೆ ಇಲ್ಲದೆ ಇದನ್ನ ಮಾಡೋದು 2013ರ ತಿದ್ದುಪಡಿಯಿಂದ ಸ್ಪಷ್ಟವಾಗಿ ಅತ್ಯಾಚಾರ. ಗಂಡನಿಗೆ ಮಾತ್ರ ಕಾನೂನು ಇನ್ನೂ ವಿನಾಯಿತಿ ಇಟ್ಟೈತೆ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನ ರದ್ದು ಮಾಡಲ್ಲ ಅಂತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಂಗಂತ ದಾರಿ ಇಲ್ಲ ಅಂತಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರೈತೆ. ಸಹಾಯವಾಣಿ 181.

8/10

ಈಗ ಇಬ್ಬರಿಗೂ ನಿಜವಾಗಿ ಮನಸ್ಸಿದ್ರೆ? ಆಗ ಗೊತ್ತಿರಬೇಕಾದ್ದು. ಸೇವ್ ಮಾಡ್ಕೊಳ್ಳಿ.

• ಆ ಜಾಗದಲ್ಲಿ ತಾನಾಗೇ ಜಾರುವ ದ್ರವ ಬರಲ್ಲ, ಪದರ ತೆಳು. ಲೂಬ್ರಿಕೆಂಟ್ ಇಲ್ಲದೆ ಬೇಡವೇ ಬೇಡ. ಎಂಜಲು ಸಾಲದು, ಸೋಪು ಉರಿ ತರಿಸುತ್ತೆ.

• ಕೊಬ್ಬರಿ ಎಣ್ಣೆ, ವ್ಯಾಸಲಿನ್ ಲೇಟೆಕ್ಸ್ ಕಾಂಡೋಮನ್ನ ಹಾಳು ಮಾಡುತ್ತೆ. ನೀರಿನ ಅಥವಾ ಸಿಲಿಕೋನ್ ಆಧಾರದ್ದು ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಕೇಳೋಕೆ ಒಂದು ನಿಮಿಷದ ನಾಚಿಕೆ, ಕೇಳದಿದ್ರೆ ವಾರಗಟ್ಟಲೆ ನೋವು.

• ಅವಸರ ಬೇಡ. ಒಳಗಿನ ಬಳೆ ಆರ್ಡರ್ ಕೇಳಲ್ಲ ಅಂದೆನಲ್ಲ.

• ನೋವಾದ್ರೆ ನಿಲ್ಲಿಸಬೇಕು. "ಮೊದಲು ಹಂಗೇ, ಆಮೇಲೆ ಸರಿಹೋಗುತ್ತೆ" ಅನ್ನೋದು ಸುಳ್ಳು. ಮರಗಟ್ಟಿಸೋ ಕ್ರೀಮ್ ಹಚ್ಚೋದು, ಕುಡಿದು ಮಾಡೋದು, ಎರಡೂ ಬೆಂಕಿ ಬಿದ್ದಾಗ ಅಲಾರಂ ವೈರ್ ಕಿತ್ತಂಗೆ.

• ಅಲ್ಲಿಂದ ಯೋನಿಗೆ ಹೋಗೋ ಮುಂಚೆ ಕಾಂಡೋಮ್ ಬದಲಿಸಿ. ಇಲ್ಲಾಂದ್ರೆ ಸೋಂಕು.

• ತಳ ಅಗಲ ಇಲ್ಲದ ಯಾವ ವಸ್ತುವೂ ಬೇಡ, ಒಳಗೆ ಎಳೆದುಕೊಳ್ಳುತ್ತೆ. ಸಿಕ್ಕಿಕೊಂಡ್ರೆ ನೀವೇ ಕೀಳಬೇಡಿ, ಅವತ್ತೇ ಆಸ್ಪತ್ರೆ.

• ಫಿಶರ್, ಮೂಲವ್ಯಾಧಿ ಇದ್ರೆ ವಾಸಿಯಾಗೋವರೆಗೆ ಬೇಡ. ರಕ್ತ ಬಂದ್ರೆ "ಮೊಳೆ ಇರ್ಬೇಕು" ಅಂತ ನೀವೇ ತೀರ್ಮಾನ ಮಾಡಬೇಡಿ. ಕರುಳಿನ ಕ್ಯಾನ್ಸರ್‌ನಲ್ಲೂ ರಕ್ತ ಬರುತ್ತೆ. ತೋರಿಸಿ.

9/10

ಎಚ್‌ಐವಿ. ಹೆದರಿಸೋಕೆ ಅಲ್ಲ, ಲೆಕ್ಕಕ್ಕೆ. ಎಚ್‌ಐವಿ ಇರುವ, ಔಷಧಿ ತಗೊಳ್ಳದ ಸಂಗಾತಿಯ ಜೊತೆ ಕಾಂಡೋಮ್ ಇಲ್ಲದೆ ಗುದದ ಮೂಲಕ ಸ್ವೀಕರಿಸುವವರಿಗೆ ಅಪಾಯ 10,000ಕ್ಕೆ ಸುಮಾರು 138. ಯೋನಿಯ ಮೂಲಕ ಅದೇ 8. ಇದು ಅಮೆರಿಕದ ಸಿಡಿಸಿಯ ಅಂದಾಜು. ಕಾರಣ ಪಾಪ ಅಲ್ಲ, ತೆಳು ಪದರ. ವೈರಸ್‌ಗೆ ನೀತಿ ಪಾಠ ಗೊತ್ತಿಲ್ಲ. ಕಾಂಡೋಮ್ ಇದ್ರೆ ಅಪಾಯ ಬಹಳ ಇಳಿಯುತ್ತೆ.

ಕಾಂಡೋಮ್ ಹರೀತಾ? ಯಾರಾದ್ರೂ ಬಲವಂತ ಮಾಡಿದ್ರಾ? 72 ಗಂಟೆ ಒಳಗೆ ಆಸ್ಪತ್ರೆಗೆ ಹೋಗಿ "ಪೆಪ್" ಅಂತ ಕೇಳಿ. 28 ದಿನದ ಮಾತ್ರೆ. ಬೇಗ ಹೋದಷ್ಟೂ ಒಳ್ಳೇದು. ಎರಡು ದಿನ ಮನೆಯಲ್ಲಿ ಕೂತ ಆ ಹುಡುಗನ್ನ ನೆನಪಿಸಿಕೊಳ್ಳಿ. 72ರಲ್ಲಿ 48 ಹೋಗಿತ್ತು.

ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಉಚಿತ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಂಗಿಲ್ಲ, ನಿಮ್ಮ ಫಲಿತಾಂಶ ಊರಿಗೆ ಹೇಳೋ ಹಂಗೂ ಇಲ್ಲ. ಸಂದೇಹ ಇದ್ರೆ 1097, ಉಚಿತ.

10/10

ಬರೋ ಕಾಮೆಂಟ್ ನನಗೆ ಗೊತ್ತು.

"ಹೆಣ್ಣುಮಗಳಾಗಿ ಇಂಥದ್ದೆಲ್ಲಾ ಬರೀತೀಯಾ?" ಹೆಣ್ಣುಮಗಳಾಗಿ ನಾಳೆ ನಿಮ್ಮಪ್ಪನಿಗೆ ಎನಿಮಾ ಕೊಡೋಳೂ ನಾನೇ. ಆಗ ನಾಚಿಕೆ ಬೇಡ, ಈಗ ಬೇಕಾ?

"ನಮ್ಮ ಕಡೆ ಇಂಥದ್ದೆಲ್ಲಾ ಇಲ್ಲ." ಇಲ್ಲ ಅಂದ್ರೆ ಊರೂರಿನ ಗೋಡೆ ಮೇಲೆ ಆ ಕೆಂಪಕ್ಷರ ಯಾಕಿವೆ? "ಗುಪ್ತರೋಗ" ಅಂತ ಬೋರ್ಡು ಹಾಕಿದವರು ಯಾರ ದುಡ್ಡಲ್ಲಿ ಮನೆ ಕಟ್ಟಿದ್ರು? ಇಲ್ಲದ್ದು ಆ ಕೆಲಸ ಅಲ್ಲ, ಮಾತು. ನಾವು ಬಾಯಿ ಮುಚ್ಚಿದಷ್ಟೂ ಅವರ ಬಾಗಿಲು ತೆರೆದಿರುತ್ತೆ.

"ಹಿಂಗೆ ಬರೆದ್ರೆ ಎಲ್ರೂ ಶುರು ಮಾಡ್ತಾರೆ." ಸಕ್ಕರೆ ಕಾಯಿಲೆ ಬಗ್ಗೆ ಓದಿ ಯಾರಿಗೂ ಸಕ್ಕರೆ ಬಂದಿಲ್ಲ. ಮಾಡೋರು ಮಾಡ್ತಾನೇ ಇದಾರೆ. ನಾನು ಹೇಳೋದು ಹರ್ಕೋಬೇಡಿ, ಹರೀಬೇಡಿ ಅಂತ.

ಕ್ಲಾಸ್‌ಮೇಟ್ಸ್, ಕೊನೆಗೆ ನಿಮಗೇ. ಇನ್ನು ಕೆಲವು ತಿಂಗಳಲ್ಲಿ ನಮ್ಮ ಹೆಸರಿನ ಮುಂದೆ "ಸಿಸ್ಟರ್", "ಬ್ರದರ್" ಅಂತ ಬರುತ್ತೆ. ಬಳ್ಳಾರಿಯಲ್ಲಿ, ಸಿರುಗುಪ್ಪದಲ್ಲಿ, ಎಲ್ಲೋ ಒಂದು ಪಿಎಚ್‌ಸಿಯಲ್ಲಿ ಯಾರೋ ಬಂದು ನೆಲ ನೋಡ್ತಾ "ಬಿದ್ದೆ" ಅಂತಾರೆ. ಅವರು ಮೊದಲು ನೋಡೋದು ಡಾಕ್ಟರ್ ಮುಖ ಅಲ್ಲ, ನಮ್ಮ ಮುಖ. ಅಲ್ಲಿ ನಗು ಕಂಡ್ರೆ ಎದ್ದು ಗೋಡೆ ಮೇಲಿನ ನಂಬರ್‌ಗೆ ಹೋಗ್ತಾರೆ. ಪರದೆ ಎಳೆದು, "ಗುದದಲ್ಲಿ ನೋವಾ? ಪರವಾಗಿಲ್ಲ, ಹೇಳಿ" ಅಂದ್ರೆ ಉಳೀತಾರೆ.

ಗ್ರೂಪ್‌ನಲ್ಲಿ ಹಾಕಿದ ಆ ಸ್ಟಿಕ್ಕರ್ ಇವತ್ತು ಡಿಲೀಟ್ ಮಾಡಿ. ನಾನು ನನ್ನದು ಮಾಡಿದೆ. ಆಮೇಲೆ ಕನ್ನಡಿ ಮುಂದೆ ನಿಂತು ಆ ಪದ ಒಂದ್ಸಲ ಜೋರಾಗಿ ಹೇಳಿ ನೋಡಿ. ಬೈಗುಳ ಅಲ್ಲ. ಹೆಸರು.

ಅಕ್ಕನಿಗೂ ಅದನ್ನೇ ಹೇಳಿಕೊಟ್ಟೆ. ಫೋನಲ್ಲಿ ಮೂರು ಸಲ ಹೇಳಿಸಿದೆ. ಮೊದಲ ಸಲ ನಕ್ಕಳು, ಎರಡನೇ ಸಲ ಅತ್ತಳು, ಮೂರನೇ ಸಲ ಸರಿಯಾಗಿ ಹೇಳಿದಳು. ಅದರ ಮುಂದಕ್ಕೆ "ನನಗೆ ಬೇಡ" ಅಂತ ತಾನೇ ಸೇರಿಸಿದಳು.

ಬೇಕಾದವರಿಗೆ ಕಳಿಸಿ. ಕೇಳೋದಿದ್ರೆ ಡಿಎಂ ಮಾಡಿ, ಹೆಸರು ಎಲ್ಲೂ ಹೇಳಲ್ಲ. ಬೈಯೋದಿದ್ರೆ ಕಾಮೆಂಟಲ್ಲೇ ಬೈಯಿರಿ, ಆದ್ರೆ ಆ ಅಂಗದ ಹೆಸರು ಹಿಡಿದು ಬೈಬೇಡಿ. ಪಾಪ, ಅದು ದಿನಾ ತನ್ನ ಕೆಲಸ ತಾನು ಮಾಡ್ತಾ ಐತೆ.

#ಮೋಕ #ಬಳ್ಳಾರಿ #ನಾಚಿಕೆಬಿಡಿ #ಒಪ್ಪಿಗೆ #ಕನ್ನಡದಲ್ಲಿಆರೋಗ್ಯ